ಬೀಗ ಹೊಸ ಕಾರಿಗೆ, ಕಳ್ಳ ಹಳೆಯ ಕಾರಿಗೆ

1976ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ‘ಕ್ರೈಮ್ ಆ್ಯಸ್ ಆಪರ್ಚುನಿಟಿ’ ಎಂಬ ಸಣ್ಣದೊಂದು ಸಂಶೋಧನಾ ವರದಿ ಪ್ರಕಟಿಸಿತು. ಅದರ ಒಂದು ಭಾಗ ಡಬಲ್ ಡೆಕ್ಕರ್ ಬಸ್ಸುಗಳ ಕುರಿತದ್ದು. ಸಿಬ್ಬಂದಿಯ ಕಣ್ಣು ಬೀಳದ ಮೇಲಂತಸ್ತಿನ ಹಿಂದಿನ ಸೀಟುಗಳ ಮೇಲೆಯೇ ಪುಂಡರ ಕೈಚಳಕ ಹೆಚ್ಚು ಎಂದು ಅದು ಎಣಿಸಿ ತೋರಿಸಿತು. ಇನ್ನೊಂದು ಭಾಗ ಕಾರು ಕಳ್ಳತನದ್ದು. ಹಳೆಯ ಸಣ್ಣ ಕಾರು ಇಟ್ಟುಕೊಂಡವರ ಪಾಡನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬರಹವನ್ನು ನಾನು ಬೇರೆಲ್ಲೂ ಓದಿಲ್ಲ. ಬರೆದ ಪ್ಯಾಟ್ರಿಷಿಯಾ ಮೇಹ್ಯೂ, ರೊನಾಲ್ಡ್ ಕ್ಲಾರ್ಕ್ ಮತ್ತು ಸಂಗಡಿಗರು ಹಳೇ ಕಾರಿನ ಪರ ವಕಾಲತ್ತು ಹಾಕಲು ಹೊರಟವರಲ್ಲ. ಸ್ಟೇರಿಂಗ್ ಲಾಕ್ ಬಂದ ಮೇಲೆ ಕಳ್ಳತನ ಇಳಿಯಿತೇ ಎಂಬುದಷ್ಟೇ ಅವರ ಪ್ರಶ್ನೆ.

ಕೀಲಿ ತೆಗೆದು ಸ್ಟೇರಿಂಗನ್ನು ತುಸು ತಿರುಗಿಸಿದರೆ ‘ಟಕ್’ ಎಂದು ಬಿಗಿದುಕೊಳ್ಳುತ್ತದಲ್ಲ, ಅದೇ ಆ ಲಾಕು. ಕೀಲಿ ಹೊರಬಂದಾಗ ಒಳಗಿನ ಉಕ್ಕಿನ ಗೂಟವೊಂದು ಸ್ಪ್ರಿಂಗ್ ಬಲದಿಂದ ಮುಂದೆ ಚಾಚಿ ಸ್ಟೇರಿಂಗ್ ಕಂಬದ ಕಚ್ಚಿನಲ್ಲಿ ಕೂರುತ್ತದೆ. ವೈರು ಜೋಡಿಸಿ ಎಂಜಿನ್ ಹೊತ್ತಿಸಿದರೂ ಚಕ್ರ ತಿರುಗಿಸಲಾಗದು.

ಅದು ಬರುವ ಮುಂಚೆ ಸಣ್ಣ ಕಾರಿಗೆ ಇದ್ದ ರಕ್ಷಣೆ ಹೆಸರಿಗೆ ಮಾತ್ರ. 1959ರಲ್ಲಿ ಬಂದ ಮಿನಿಯ ಬಾನೆಟ್ ತೆರೆಯಲು ಕಾರಿನೊಳಗೆ ಹೋಗುವ ಅಗತ್ಯವೇ ಇರಲಿಲ್ಲ. ಮುಂದಿನ ಅಂಚಿನಡಿ ಬೆರಳು ಹಾಕಿ ಕೊಕ್ಕೆ ಎತ್ತಿದರೆ ಸಾಕಿತ್ತು. ಸದಾ ಕರೆಂಟು ಇರುವ ತುದಿಯೊಂದರಿಂದ ಇಗ್ನಿಷನ್ ಕಾಯಿಲ್‌ಗೆ ಒಂದು ತುಂಡು ವೈರು ಎಳೆದರೆ ಕೀಲಿಯ ಕೆಲಸ ಮುಗಿಯಿತು. ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಕೀಲಿಯ ನಂಬರನ್ನು ಇಗ್ನಿಷನ್ ಲಾಕಿನ ಮುಖದ ಮೇಲೆಯೇ ಒತ್ತಿರುತ್ತಿದ್ದರು. ಕಿಟಕಿಯಲ್ಲಿ ಇಣುಕಿ ನಂಬರು ಓದಿಕೊಂಡವನು ಅದೇ ನಂಬರಿನ ಕೀಲಿ ಹುಡುಕಿ ತಂದರೆ ಆಯಿತು. ಕೀಲಿ ಕಳೆದುಕೊಂಡ ಮಾಲೀಕನಿಗೆ ನೆರವಾಗಲೆಂದು ಮಾಡಿದ ಅನುಕೂಲ ಕಳ್ಳನಿಗೂ ಅಷ್ಟೇ ಒದಗಿತು.

ಇಲ್ಲಿ ಎರಡು ದೇಶಗಳ ದಾರಿ ಬೇರೆಯಾಗುತ್ತದೆ. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲಿ ಸ್ಟೇರಿಂಗ್ ಲಾಕನ್ನು ಕಡ್ಡಾಯ ಮಾಡಿದಾಗ ಹೊಸ ಕಾರು, ಹಳೆ ಕಾರು ಎಂಬ ಭೇದ ಮಾಡಲಿಲ್ಲ. ಕಾರ್ಖಾನೆಯಿಂದ ಬರುವ ಕಾರಿಗೂ ಬೇಕು, ರಸ್ತೆಯ ಮೇಲಿರುವ ಕಾರಿಗೂ ಹಾಕಿಸಬೇಕು ಎಂದಿತು. ಅಲ್ಲಿ ಕಳ್ಳತನ ಗಣನೀಯವಾಗಿ ಇಳಿಯಿತು. ಇಳಿದದ್ದು ಮತ್ತೆ ಸುಲಭಕ್ಕೆ ಏರಲಿಲ್ಲ.

ಬ್ರಿಟನ್ ಸುಲಭದ ದಾರಿ ಹಿಡಿಯಿತು. 1971ರ ಜನವರಿಯಿಂದ ಹೊಸ ಕಾರುಗಳಿಗೆಲ್ಲ ಲಾಕು ಬಂತು. ಹಳೆಯವುಗಳ ಗೋಜಿಗೆ ಯಾರೂ ಹೋಗಲಿಲ್ಲ. ಹೇಗೂ ಕೆಲವು ವರ್ಷಗಳಲ್ಲಿ ಗುಜರಿಗೆ ಹೋಗುತ್ತವಲ್ಲ ಎಂಬ ಲೆಕ್ಕಾಚಾರ. ಮೇಹ್ಯೂ ಮತ್ತು ಕ್ಲಾರ್ಕ್ ಲಂಡನ್ ಮಹಾನಗರ ಪೊಲೀಸ್ ವ್ಯಾಪ್ತಿಯ 1969 ಮತ್ತು 1973ರ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕಳುವಾದ ನೂರು ಕಾರುಗಳಲ್ಲಿ ಹೊಸವು ಮೊದಲು ಸುಮಾರು 21 ಇದ್ದದ್ದು, ನಾಲ್ಕು ವರ್ಷದಲ್ಲಿ 5ರ ಆಸುಪಾಸಿಗೆ ಬಂದಿತ್ತು. ಲಾಕು ಕೆಲಸ ಮಾಡಿತ್ತು. ಆದರೆ ಕಳ್ಳರು ಕಸುಬು ಬಿಟ್ಟಿರಲಿಲ್ಲ. ಹೊಸ ಕಾರನ್ನು ದಾಟಿ ಅದರ ಪಕ್ಕದಲ್ಲಿ ನಿಂತಿದ್ದ ಲಾಕಿಲ್ಲದ ಹಳೆಯದರ ಕಡೆಗೆ ನಡೆದಿದ್ದರು.

ಈ ಅಂಕಿಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಹೊಸ ಕಾರು ಕೊಳ್ಳಬಲ್ಲವನಿಗೆ ಸಿಕ್ಕ ರಕ್ಷಣೆಯ ಬೆಲೆಯಲ್ಲಿ ಒಂದು ಪಾಲನ್ನು ಹತ್ತು ವರ್ಷದ ಹಳೆಯ ಮಿನಿ ಓಡಿಸುತ್ತಿದ್ದ ಶಾಲಾ ಮೇಷ್ಟ್ರು, ನರ್ಸು, ಅಂಗಡಿ ಗುಮಾಸ್ತ ತೆತ್ತರು. ಒಂದು ಮನೆಯ ಬಾಗಿಲು ಭದ್ರಪಡಿಸಿ ಕಳ್ಳನನ್ನು ಪಕ್ಕದ ಮನೆಗೆ ಕಳಿಸಿದ ಹಾಗೆ ಇದು. ಹಳೆಯ ಕಾರುಗಳು ರಸ್ತೆಯಿಂದ ಮರೆಯಾಗುತ್ತ ಬಂದಂತೆ ಬ್ರಿಟನ್ನಿನಲ್ಲೂ ಲಾಕಿನ ಫಲ ನಿಧಾನಕ್ಕೆ ಕಂಡಿತು ಎಂದು ಮುಂದೆ ಬ್ಯಾರಿ ವೆಬ್ ಎಂಬ ಸಂಶೋಧಕ ಬರೆದ. ಅಷ್ಟರಲ್ಲಿ ಎಷ್ಟು ಮಂದಿ ತಮ್ಮ ಏಕೈಕ ವಾಹನ ಕಳೆದುಕೊಂಡಿದ್ದರೋ.

ಕ್ಲಾರ್ಕ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಕಳ್ಳನ ಮನಸ್ಸನ್ನು ತಿದ್ದುವುದಕ್ಕಿಂತ ಕಳ್ಳತನದ ಅವಕಾಶ ಮುಚ್ಚುವುದು ಫಲ ಕೊಡುತ್ತದೆ ಎಂದು ಅವರು ಜೀವಮಾನವಿಡೀ ವಾದಿಸಿದರು. ಜರ್ಮನಿಯಲ್ಲಿ ಹೆಲ್ಮೆಟ್ ಹಾಕದವರಿಗೆ ದಂಡ ಶುರುವಾದ ಮೇಲೆ ಬೈಕ್ ಕಳ್ಳತನ ಧಡಕ್ಕನೆ ಕುಸಿದದ್ದನ್ನು ಮೇಹ್ಯೂ ಜೊತೆ ಸೇರಿ ತೋರಿಸಿದ್ದೂ ಅವರೇ. ದಾರಿಯಲ್ಲಿ ಕಂಡ ಬೈಕನ್ನು ತಟ್ಟನೆ ಹತ್ತಿ ಹೊರಟವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲವಲ್ಲ! 2015ರಲ್ಲಿ ಇಬ್ಬರಿಗೂ ಅಪರಾಧಶಾಸ್ತ್ರದ ಸ್ಟಾಕ್‌ಹೋಂ ಪ್ರಶಸ್ತಿ ಬಂತು.

ಇವರ ಪಾಠವನ್ನು ಕೆಲವು ಊರುಗಳು ಕಲಿತವು. ಕೀಲಿಯೊಳಗಿನ ಚಿಪ್ಪಿನ ಗುರುತು ಹತ್ತಿದರೆ ಮಾತ್ರ ಎಂಜಿನ್ ಚಾಲೂ ಆಗಲು ಬಿಡುವ ಇಮ್ಮೊಬಿಲೈಸರ್ 1998ರಲ್ಲಿ ಯುರೋಪಿನ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಆದರೆ ಪಶ್ಚಿಮ ಆಸ್ಟ್ರೇಲಿಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, 1999ರಿಂದ ಹಳೆಯ ಕಾರು ಕೈ ಬದಲಾಗುವಾಗ ಇಮ್ಮೊಬಿಲೈಸರ್ ಹಾಕಿಸಿರಲೇಬೇಕು ಎಂದಿತು. ಕೆನಡಾದ ವಿನ್ನಿಪೆಗ್ ನಗರದಲ್ಲಿ ಕಾರು ಕಳ್ಳತನ ಮಿತಿಮೀರಿದಾಗ ಅಲ್ಲಿನ ಸರ್ಕಾರಿ ವಿಮಾ ಸಂಸ್ಥೆ, ಅಪಾಯ ಹೆಚ್ಚಿರುವ ಹಳೆಯ ಮಾಡೆಲ್‌ಗಳಿಗೆ ತನ್ನ ಖರ್ಚಿನಲ್ಲೇ ಉಪಕರಣ ಕೂರಿಸಿತು. ಹಾಕಿಸದೆ ನೋಂದಣಿ ಇಲ್ಲ ಎಂದಿತು. ಜೊತೆಗೆ ಪದೇ ಪದೇ ಸಿಕ್ಕಿಬೀಳುವ ಹುಡುಗರ ಮೇಲೆ ಪೊಲೀಸರು ನಿಗಾ ಇಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳತನ ಐದರಲ್ಲಿ ನಾಲ್ಕು ಪಾಲು ಇಳಿಯಿತು.

ನಮ್ಮ ಕಥೆಗೆ ಬರೋಣ. ಅಂಬಾಸಡರ್ ಎಂದರೆ ಮಾರಿಸ್ ಆಕ್ಸ್‌ಫರ್ಡ್, ಪದ್ಮಿನಿ ಎಂದರೆ ಫಿಯಟ್ 1100. ಆ ಕಾಲದ ನಂಬಿಕೆಯೂ ಆ ಕಾಲದ ಬೀಗವೂ ಅವುಗಳ ಜೊತೆಗೇ ಬಂದವು. ಪದ್ಮಿನಿಯ ಮುಂಬಾಗಿಲಿನ ತ್ರಿಕೋನ ಗಾಜನ್ನು ಬಲವಾಗಿ ಒತ್ತಿ ಕೈ ಒಳಹಾಕಿದರೆ ಬಾಗಿಲ ಹಿಡಿ ಸಿಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800 2014ರ ತನಕ ತಯಾರಾಯಿತು. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಗಲ್ಲಿಗಳಲ್ಲಿ ಅದು ಇವತ್ತಿಗೂ ದಿನಬಳಕೆಯ ಗಾಡಿ. ಹಳೆಯ 800ರಲ್ಲಿ ಸ್ಟೇರಿಂಗ್ ಲಾಕ್ ಉಂಟು, ಚಿಪ್ಪಿನ ಕೀಲಿ ಇಲ್ಲ. ವರ್ಷಗಟ್ಟಲೆ ತಿರುಗಿಸಿ ಲಾಕಿನ ಹಲ್ಲು ಸವೆದಿದ್ದರೆ ಬೇರೆ ಕೀಲಿಗೂ ಬಾಗಿಲು ತೆರೆದುಕೊಳ್ಳುತ್ತದೆ. ಕೀಲಿ ಸಿಕ್ಕಿಹಾಕಿಕೊಳ್ಳುತ್ತಿದೆ, ಅಲುಗಾಡುತ್ತಿದೆ ಎಂದಾದರೆ ಲಾಕ್ ಸೆಟ್ ಬದಲಿಸುವ ಕಾಲ ಬಂತೆಂದೇ ತಿಳಿಯಿರಿ.

ವಿಮೆಯ ವಿಷಯದಲ್ಲೂ ಹಳೆಯ ಕಾರಿನವರೇ ನಷ್ಟಕ್ಕೆ ಸಿಕ್ಕುವವರು. ಮಾನ್ಯತೆ ಪಡೆದ ಕಳ್ಳತನ ನಿರೋಧಕ ಸಾಧನಕ್ಕೆ ನಮ್ಮ ಮೋಟಾರು ವಿಮೆಯ ಸುಂಕಪಟ್ಟಿ ಕೊಟ್ಟ ರಿಯಾಯಿತಿ ಓನ್ ಡ್ಯಾಮೇಜ್ ಪ್ರೀಮಿಯಂನ ಶೇ 2.5, ಅದೂ 500 ರೂಪಾಯಿ ಮೀರದಂತೆ. ಆದರೆ ಹಳೆಯ ಕಾರಿನವರಲ್ಲಿ ಎಷ್ಟೋ ಜನ ಕಟ್ಟುವುದು ಬರೀ ಥರ್ಡ್ ಪಾರ್ಟಿ. ಅವರಿಗೆ ಆ ರಿಯಾಯಿತಿಯೂ ಇಲ್ಲ, ಕಾರು ಕಳುವಾದರೆ ಬಿಡಿಗಾಸು ಪರಿಹಾರವೂ ಇಲ್ಲ.

ಹಾಗಾಗಿ ಈ ಕಾರುಗಳ ಕಾವಲು ಮಾಲೀಕರ ಕೈಯಲ್ಲೇ ಇದೆ, ಅದಕ್ಕೆ ದೊಡ್ಡ ದುಡ್ಡೂ ಬೇಡ. 1940ರಲ್ಲಿ ಜರ್ಮನ್ ಪ್ಯಾರಾಚೂಟ್ ಸೈನಿಕರು ಇಳಿದಾರೆಂಬ ಭಯದಲ್ಲಿ ಬ್ರಿಟನ್ ಒಂದು ಆಜ್ಞೆ ಹೊರಡಿಸಿತ್ತು: ಕಾರು ಬಿಟ್ಟು ಹೋಗುವವರು ಅದು ಚಾಲೂ ಆಗದಂತೆ ಮಾಡಿಯೇ ಹೋಗಬೇಕು, ತಪ್ಪಿದರೆ ದಂಡ. ಜನ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ರೋಟರನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಬೆರಳುದ್ದದ ಆ ತುಂಡು ಇಲ್ಲದಿದ್ದರೆ ಪ್ಲಗ್ಗಿಗೆ ಕಿಡಿ ಹೋಗದು. ಪದ್ಮಿನಿಗೂ ಕಾರ್ಬ್ಯುರೇಟರಿನ 800ಕ್ಕೂ ಆ ಉಪಾಯ ಇಂದಿಗೂ ಸಲ್ಲುತ್ತದೆ. ವಾರಗಟ್ಟಲೆ ಊರಿಗೆ ಹೋಗುವವರು ಅದನ್ನೇ ಮಾಡಬಹುದು. ದಿನನಿತ್ಯಕ್ಕೆ ಇಗ್ನಿಷನ್ ವೈರಿಗೆ ಒಂದು ಕಟ್-ಆಫ್ ಸ್ವಿಚ್ಚು ಹಾಕಿಸಿ; ಡ್ಯಾಶ್‌ಬೋರ್ಡ್ ಕೆಳಗೆ ಬೇಡ, ಕಳ್ಳ ಮೊದಲು ತಡಕುವುದೇ ಅಲ್ಲಿ. ಗೇರ್ ಲಾಕನ್ನು ಬರೀ ಕಾರ್ಪೆಟ್ ಕೆಳಗಿನ ತಗಡಿಗಲ್ಲ, ಚಾಸಿಗೆ ಬೋಲ್ಟ್ ಮಾಡಿಸಿ, ಬೋಲ್ಟಿನ ತಲೆ ಸ್ಪ್ಯಾನರಿಗೆ ಸಿಗದಂತಿರಲಿ. ಸೀಟಿನ ಮೇಲೆ ಬ್ಯಾಗು, ಚಾರ್ಜರು ಬಿಡಬೇಡಿ. ಗಾಜು ಒಡೆಯುವವನಿಗೆ ಅಷ್ಟೇ ಸಾಕು.

ಇನ್ನು ಸಾರಿಗೆ ಇಲಾಖೆಗೊಂದು ಕೋರಿಕೆ. ಹಳೆಯ ಕಾರಿನ ಆರ್‌ಸಿ ಹೊಸ ಮಾಲೀಕನ ಹೆಸರಿಗೆ ವರ್ಗವಾಗುವಾಗ ಇಮ್ಮೊಬಿಲೈಸರ್ ಕಡ್ಡಾಯ ಮಾಡಿ, ಅದರ ಖರ್ಚಿನಲ್ಲಿ ಒಂದು ಪಾಲನ್ನು ವಿಮಾ ಕಂಪನಿಗಳು ಹೊರಲಿ. ಪಶ್ಚಿಮ ಆಸ್ಟ್ರೇಲಿಯ 1999ರಲ್ಲೇ ಮಾಡಿದ ಕೆಲಸ ನಮ್ಮಿಂದ ಆಗದ್ದೇನಲ್ಲ.