ಮನೆಯೊಳಗಿನ ಬೆಳ್ಳಿಗುಂಡು

ಪಾದರಸ ಕೈಗೆ ಸಿಕ್ಕರೆ ಸುಮ್ಮನೆ ಬಿಡುವ ಹುಡುಗನುಂಟೆ? ಹಾಸನದ ಬಳಿಯ ಕೊರವಂಗಲದ ಜಗಲಿಯಾಗಲಿ, ಬೆಂಗಳೂರಿನ ಬಡಾವಣೆಯ ಮನೆಯಾಗಲಿ, ಹಳೆಯ ಥರ್ಮಾಮೀಟರು ಒಡೆಯಿತೆಂದರೆ ಮಕ್ಕಳು ಉರುಳುವ ಬೆಳ್ಳಿಗುಂಡುಗಳ ಬೆನ್ನು ಹತ್ತುವರು. ಶಾಲೆಯ ಪ್ರಯೋಗಶಾಲೆಯಲ್ಲಿ ವಾಯುಭಾರಮಾಪಕದ ಪಾದರಸ ಚೆಲ್ಲಿದಾಗಲೂ ಇದೇ ಆಟ.

ಅಪಾಯವಿರುವುದು ಮುಟ್ಟುವುದಕ್ಕಿಂತ ಹೆಚ್ಚಾಗಿ ಉಸಿರಾಡುವುದರಲ್ಲಿ. ನೀರಿಗಿಂತ 13.6 ಪಟ್ಟು ಭಾರವಾದ ಈ ಲೋಹ ಸಾಧಾರಣ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬಹುಕಾಲ ಒಳಗೆ ಸೇರಿದರೆ ನರಗಳಿಗೂ ಮೂತ್ರಪಿಂಡಕ್ಕೂ ಕೇಡು.

ಚೆಲ್ಲಿದೊಡನೆ ಗೃಹಿಣಿಯ ಕೈ ಹೋಗುವುದು ಪೊರಕೆಗೆ. ಅದೇ ತಪ್ಪು, ಪೊರಕೆ ಒಂದು ಹನಿಯನ್ನು ನೂರು ಮಾಡುತ್ತದೆ. ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು. ಬಳೆ, ಉಂಗುರಗಳನ್ನು ತೆಗೆದಿಡಬೇಕು. ಪಾದರಸ ತಗುಲಿದ ಚಿನ್ನ ಬಿಳಿಚಿಕೊಂಡು ಕೆಡುತ್ತದೆ. (ಅಕ್ಕಸಾಲಿಗರಿಗೆ ಇದು ಹಳೆಯ ಸಂಗತಿ.) ಕೈಗವಸು ತೊಟ್ಟು, ರಟ್ಟಿನ ಅಂಚಿನಿಂದ ಹನಿಗಳನ್ನು ಕೂಡಿಸಿ, ಡ್ರಾಪರಿನಿಂದ ಹೀರಿ, ತುಸು ನೀರಿರುವ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು. ಬಚ್ಚಲಿಗೆ ಸುರಿಯುವ ಮಾತಂತೂ ಕೂಡದು.

ಆ ಸೀಸೆಯನ್ನು ಏನು ಮಾಡುವುದು? ಒಡೆದ ಪಾದರಸದ ಥರ್ಮಾಮೀಟರನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದೇ ಎಣಿಸಿದವು. ಚೀಟಿ ಅಂಟಿಸಿ ಬೇರೆಯಾಗಿಯೇ ಒಪ್ಪಿಸಬೇಕು. ಈ ಎಚ್ಚರ ತಪ್ಪಿದರೆ ಏನಾದೀತೆಂಬುದನ್ನು ನೆರೆಯ ತಮಿಳುನಾಡಿನ ಕೊಡೈಕೆನಾಲ್ ಕಂಡಿದೆ. ಅಲ್ಲಿನ ಥರ್ಮಾಮೀಟರು ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಬೆರೆತ ಸುಮಾರು 290 ಟನ್ ತ್ಯಾಜ್ಯವನ್ನು 2003ರಲ್ಲಿ ಅಮೆರಿಕೆಗೆ ಸಾಗಿಸಬೇಕಾಯಿತು. ಶಾಲೆಯ ಬೀರುವಿನಲ್ಲಿ ಧೂಳು ಹಿಡಿದ ಪಾದರಸದ ಸೀಸೆಯಿದ್ದರೆ, ಅದನ್ನು ಸೇರಿಸಬೇಕಾದುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರ ಕೈಗೇ.