ನಾಲಗೆಯ ಲೆಕ್ಕ

2005ನೆಯ ಇಸವಿಯ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿರಲಾರರು. ಕಲ್ಯಾಣ, ಬದಲಾಪುರಗಳ ಕಡೆಯಲ್ಲಿ ನದಿಯ ನೀರು ಊರೊಳಗೆ ನುಗ್ಗಿತು. ಲೋಕಲ್ ಗಾಡಿಗಳು ನಿಂತಲ್ಲಿಯೇ ನಿಂತವು. ಆಗ ನಾನು ಕಲ್ಯಾಣ ಸ್ಟೇಶನ್ನಿನ ಬಳಿಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುತ್ತಿದ್ದೆ; ಸ್ವಂತದ ಹೋಟೆಲೆಂಬುದು ಇನ್ನೂ ಕನಸಾಗಿದ್ದಿತು.

ಸಂಜೆಯ ಹೊತ್ತಿಗೆ ಮೆಟ್ಟಿಲುಗಳ ಮೇಲೂ ಮಾಳಿಗೆಯಲ್ಲಿಯೂ ಎಪ್ಪತ್ತು ಎಂಬತ್ತು ಮಂದಿ ಆಶ್ರಯ ಪಡೆದಿದ್ದರು. ಮಾಟುಂಗಕ್ಕೆ ಸಾಮಾನು ತರಲು ಹೋಗಿದ್ದ ಅಡುಗೆಯ ಭಟ್ಟರು ಹಿಂದಿರುಗಿರಲಿಲ್ಲ. ಉಗ್ರಾಣದೊಳಗೆ ಸೊಂಟದವರೆಗೆ ನೀರು. ಅಕ್ಕಿ, ಉದ್ದು, ತೊಗರಿಯ ಮೂಟೆಗಳು ನೆನೆದು ಕೆಟ್ಟಿದ್ದವು. ತೆಂಗಿನಕಾಯಿಗಳು ಮಾತ್ರ ಯಾರ ಚಿಂತೆಯೂ ಇಲ್ಲದೆ ತೇಲುತ್ತಿದ್ದವು. ಆದರೆ ವಿದ್ಯುತ್ತು ಇಲ್ಲದ ಮೇಲೆ ತುರಿಯುವುದೆಲ್ಲಿ, ರುಬ್ಬುವುದೆಲ್ಲಿ? ಅಟ್ಟದ ಮೇಲೆ ಉಳಿದಿದ್ದುದು ಎರಡು ಡಬ್ಬ ಅವಲಕ್ಕಿ, ನೆಲಗಡಲೆ, ಬೆಲ್ಲ, ಎಣ್ಣೆ, ಮೆಣಸಿನ ಪುಡಿ ಮತ್ತು ಒಗ್ಗರಣೆಯ ಸಾಮಾನು. ಹುಣಸೆ ಇರಲಿಲ್ಲ. ಭಟ್ಟರ ಲೆಕ್ಕದ ಪುಸ್ತಕ ಅವರ ಟ್ರಂಕಿನಲ್ಲಿ ಬೀಗದೊಳಗಿದ್ದಿತು.

ಪಾತ್ರೆ ತೊಳೆಯುವ ಹುಡುಗನೊಬ್ಬನಿದ್ದನು, ಕುಂದಾಪುರದ ಕಡೆಯವನು, ಹತ್ತೊಂಬತ್ತರ ಪ್ರಾಯ. "ಅಣ್ಣಾ, ನಾನ್ ಮಾಡ್ತೆ" ಎಂದನು. ಬೇರೆ ದಿನವಾಗಿದ್ದರೆ ಗದರಿಸಿ ಕಳುಹಿಸುತ್ತಿದ್ದೆನೋ ಏನೋ. ಪಕ್ಕದ ಮರಾಠಿ ಮನೆಯಿಂದ ಒಂದು ಹಿಡಿ ಆಮ್ಸೂಲು ಕೇಳಿ ತಂದು ಬಿಸಿನೀರಿನಲ್ಲಿ ಹಾಕಿದನು. ನೀರು ಕೆಂಪಾದ ಮೇಲೆ ಬೆಲ್ಲ, ಉಪ್ಪು, ಮೆಣಸಿನ ಪುಡಿ ಕದಡಿ, ನಾಲಗೆಗೆ ಒಂದು ಹನಿ ಇಟ್ಟು, ಇನ್ನೂ ಸ್ವಲ್ಪ ಬೆಲ್ಲ ಸೇರಿಸಿದನು. ಅವಲಕ್ಕಿಯನ್ನು ಅದರಲ್ಲಿ ನೆನೆಸಿದನು. ತೆಂಗಿನ ತುರಿಯ ಬದಲಿಗೆ ಹುರಿದು ತರಿಯಾಗಿ ಕುಟ್ಟಿದ ಕಡಲೆ; ಮೇಲೆ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಮೇಣದ ಬತ್ತಿಯ ಬೆಳಕಿನಲ್ಲಿ ಅದನ್ನು ಗುಜರಾತಿಗಳೂ ಉಂಡರು, ಮರಾಠರೂ ಉಂಡರು, ನಾವೂ ಉಂಡೆವು. ಒಬ್ಬ ವೃದ್ಧೆ ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು.

ಹುಣಸೆಯಿಲ್ಲದೆ ಧೈರ್ಯ ಹೇಗೆ ಬಂತೆಂದು ಆಮೇಲೆ ಕೇಳಿದೆ. "ಅದ್ರ್ ಕೆಲ್ಸ ಹುಳಿ ಕೊಡೂದ್ ಅಲ್ದಾ ಅಣ್ಣಾ?" ಎಂದನು. ಎರಡು ವರ್ಷ ಪಾತ್ರೆ ತೊಳೆಯುವಾಗ ತಳದಲ್ಲಿ ಉಳಿದುದನ್ನು ರುಚಿ ನೋಡುತ್ತ, ಇದರಲ್ಲಿ ಯಾವುದು ಏನು ಮಾಡಿದೆ ಎಂದು ತನ್ನಷ್ಟಕ್ಕೆ ಊಹಿಸುತ್ತಿದ್ದನಂತೆ. ಅದೇ ಎರಡು ವರ್ಷ ನಾನು ದಿನಕ್ಕೆ ಎರಡು ಹೊತ್ತು ಅದೇ ಸಾಂಬಾರನ್ನು ಉಂಡವನು. ಅದರೊಳಗೆ ಏನಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಡುಗೆಯ ಪುಸ್ತಕಗಳು ಬೇಡವೆಂದು ನಾನು ಹೇಳುತ್ತಿಲ್ಲ. ಕನ್ನಡಕ್ಕೆ ಅವು ಹೊಸತೂ ಅಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ಭಾಗವಿದೆ; ಹದಿನಾರನೆಯ ಶತಮಾನದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಪದ್ಯದಲ್ಲಿ ಬರೆದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಭೋಜನದ ವಿಸ್ತಾರವಾದ ವಿವರವುಂಟು. (ಆ ಕಲ್ಯಾಣವು ಬೀದರ ಜಿಲ್ಲೆಯದು, ನಮ್ಮ ಜಂಕ್ಷನ್ನಿನದಲ್ಲ, ಸಂತೋಷಪಡಲು ಹೊರಟ ಮಿತ್ರರು ಕ್ಷಮಿಸಬೇಕು.) ಇಷ್ಟಾದರೂ ನಮ್ಮ ಭಟ್ಟರುಗಳಲ್ಲಿ ಈ ಗ್ರಂಥಗಳನ್ನು ಓದಿ ಸೌಟು ಹಿಡಿದವರು ಯಾರಿದ್ದಾರೆ? ಒಲೆಯ ಬಳಿ ನಿಂತು ಕಲಿತವರೇ ಎಲ್ಲರೂ. ಪುಸ್ತಕವು ಎಷ್ಟು ಹಾಕಬೇಕೆಂದು ಹೇಳುತ್ತದೆ. ಇವತ್ತಿನ ಹುಣಸೆ ಹಳೆಯದು, ನಿನ್ನೆಯದು ಹೊಸತು. ಈ ಟೊಮೇಟೊ ಹುಳಿ, ಆ ಟೊಮೇಟೊ ಸಪ್ಪೆ. ಅದನ್ನು ಪುಸ್ತಕವು ಕಾಣುವುದಿಲ್ಲ.

ಹಾಗಾದರೆ ಕಲಿಯತಕ್ಕದ್ದು ಯಾವುದು? ಒಂದೊಂದು ಪದಾರ್ಥದ ಉದ್ಯೋಗವೇನೆಂಬುದನ್ನು. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರಸಗಳನ್ನು ಎಣಿಸಿದರು. ಇಂದಿನ ವಿಜ್ಞಾನಿಗಳು ಖಾರವನ್ನು ರುಚಿಯೆಂದು ಎಣಿಸುವುದಿಲ್ಲ. ಅದು ನಾಲಗೆಗಾಗುವ ಉರಿ ಎನ್ನುತ್ತಾರೆ. ಮೆಣಸಿನ ಖಾರದ ಸತ್ತ್ವವು ನೀರಿನಲ್ಲಿ ಸರಿಯಾಗಿ ಕರಗದೆ ಜಿಡ್ಡಿನಲ್ಲಿ ಕರಗುವುದರಿಂದಲೇ, ಬಾಯಿ ಉರಿದಾಗ ನೀರಿಗಿಂತ ಮೊಸರು ಹಿತವಾಗುವುದು. ಜಪಾನಿನ ಇಕೆದಾ ಎಂಬ ರಸಾಯನ ಶಾಸ್ತ್ರಜ್ಞರು 1908ರಲ್ಲಿ ಕಡಲ ಪಾಚಿಯ ಸಾರಿನಿಂದ ಇನ್ನೊಂದು ರುಚಿಯನ್ನು ಗುರುತಿಸಿ ಅದಕ್ಕೆ 'ಉಮಾಮಿ' ಎಂದು ಹೆಸರಿಟ್ಟರು. ಹಣ್ಣಾದ ಟೊಮೇಟೊ, ಅಣಬೆಗಳಲ್ಲಿ ಅದಿರುತ್ತದೆ. ಬರಿಯ ಬೇಳೆಯ ನೀರಿಗೆ ಟೊಮೇಟೊ ಬಿದ್ದೊಡನೆ ಬಾಯಿ ತುಂಬಿದಂತಾಗುವುದಕ್ಕೆ ಹುಳಿಯೊಂದೇ ಕಾರಣವಲ್ಲ.

ಆದರೆ ನಾಲಗೆ ಬಲ್ಲುದು ಸ್ವಲ್ಪವೇ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ನಾಲ್ಕು ಜೀರಿಗೆ ಕಾಳುಗಳನ್ನು ಅಗಿದು ನೋಡಿರಿ: ಮರದ ಹೊಟ್ಟಿನಂತಿರುತ್ತದೆ. ಮೂಗು ಬಿಟ್ಟ ಕ್ಷಣದಲ್ಲಿ ಅದು ಜೀರಿಗೆಯಾಗುತ್ತದೆ. ಒಗ್ಗರಣೆಯ ಮರ್ಮವೂ ಇಲ್ಲಿಯೇ ಇರುವುದು. ಇಂಗು, ಕರಿಬೇವುಗಳ ಪರಿಮಳವನ್ನು ಕಾದ ಎಣ್ಣೆ ಹೀರಿಕೊಂಡು ಇಡೀ ಹಂಡೆಗೆ ಹರಡುತ್ತದೆ. ಸಾಸಿವೆಯ ಚಮತ್ಕಾರ ಇನ್ನೂ ದೊಡ್ಡದು. ಹಸಿಯಾಗಿ ನೀರಿನೊಡನೆ ಅರೆದರೆ ಮೂಗಿಗೇರುವ ಘಾಟು, ಊರಿನ ಮಾವಿನಹಣ್ಣಿನ ಸಾಸಿವೆಯಲ್ಲಿರುವಂತೆ. ಎಣ್ಣೆಯಲ್ಲಿ ಸಿಡಿಸಿದರೆ ಆ ಘಾಟು ಅಡಗಿ ಹುರಿದ ಬೀಜದ ಸೌಮ್ಯವಾದ ರುಚಿ ಬರುತ್ತದೆ. ಅರೆದು ನೆನೆದಾಗ ಮಾತ್ರ ಘಾಟು ಹುಟ್ಟುವುದು. ಬಿಸಿ ತಗುಲಿದರೆ ಹುಟ್ಟುವುದಿಲ್ಲ. ಒಂದೇ ಕಾಳು, ಎರಡು ಪದಾರ್ಥ! ಇದನ್ನು ತಿಳಿದವನಿಗೆ ಉಗ್ರಾಣದ ಸಾಮಾನು ಇಮ್ಮಡಿಯಾದಂತೆ.

ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯ ಕಥೆ ನಮ್ಮ ವ್ಯವಸಾಯದವರಿಗೆ ಅಪರಿಚಿತವಲ್ಲ. 1924ರಲ್ಲಿ ಆರಂಭವಾದ ಆ ಹೋಟೆಲಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದೊದಗಿದಾಗ ರವೆಯ ಇಡ್ಲಿ ಹುಟ್ಟಿತೆಂದು ಅವರು ಹೇಳುತ್ತ ಬಂದಿದ್ದಾರೆ. ಅಕ್ಕಿ ಉದ್ದುಗಳ ಹಿಟ್ಟು ರಾತ್ರಿಯಿಡೀ ಹುದುಗಿ ಕೊಡುತ್ತಿದ್ದ ಹುಳಿಯನ್ನು ಮೊಸರು ಕೊಟ್ಟಿತು, ಉಬ್ಬನ್ನು ಸೋಡ ಕೊಟ್ಟಿತು. ನಮ್ಮ ಕುಂದಾಪುರದ ಹುಡುಗ ಆಮ್ಸೂಲಿನಿಂದ ಮಾಡಿದ ಲೆಕ್ಕವೇ ಇದು.

ಮೂಲ್ಕಿಯ ಕಡೆಯಿಂದ ಬಂದ ರಘುನಂದನ ಕಾಮತರನ್ನು ನೆನೆಯದೆ ಈ ವಿಷಯವನ್ನು ಮುಂದುವರಿಸಲಾರೆ. ಅವರ ತಂದೆ ಹಣ್ಣಿನ ವ್ಯಾಪಾರಿ. ಹಣ್ಣನ್ನು ಮುಟ್ಟಿ, ಮೂಸಿ, ಯಾವುದು ಇಂದಿಗೆ, ಯಾವುದು ನಾಳೆಗೆ ಎಂದು ಆರಿಸುವುದನ್ನು ಮಗನು ತಂದೆಯ ಬಳಿಯಲ್ಲಿಯೇ ಕಲಿತನು. ಎಳೆಯ ಪ್ರಾಯದಲ್ಲಿ ಮುಂಬಯಿಗೆ ಬಂದು ಅಣ್ಣನ ಹೋಟೆಲಿನಲ್ಲಿ ದುಡಿದನು. 1984ರಲ್ಲಿ ಜುಹುವಿನಲ್ಲಿ ಸ್ವಂತದ ಅಂಗಡಿ ತೆರೆದಾಗ ಬರಿಯ ಐಸ್‌ಕ್ರೀಮಿಗೆ ಜನ ಬಾರರೆಂದು ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರದ ಮೇಲೆ ತಂಪು ಬೇಕೆನ್ನುವ ಗಿರಾಕಿ ಐಸ್‌ಕ್ರೀಮಿಗೆ ಕೈ ಚಾಚುತ್ತಿದ್ದನು. ಸೀತಾಫಲವೂ ಎಳನೀರಿನ ಗಂಜಿಯೂ ಐಸ್‌ಕ್ರೀಮಾದುದು ಯಾವ ವಿಲಾಯತಿ ಪುಸ್ತಕದಿಂದಲೂ ಅಲ್ಲ. ಹಾಲು, ಸಕ್ಕರೆ, ಹಣ್ಣು, ಇಷ್ಟೇ. ಹಣ್ಣಿನ ಹದ ಬಲ್ಲವನಿಗೆ ಅಷ್ಟೇ ಸಾಕು. ಕಾಮತರು 2024ರ ಮೇ ತಿಂಗಳಲ್ಲಿ ದಿವಂಗತರಾದರು.

ಮಂಚೂರಿಯ ಸಂಗತಿಯೂ ಹೀಗೆಯೇ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅದನ್ನು ಮಾಡಿದರೆಂದು ಪ್ರತೀತಿಯಿದೆ: ಬೆಳ್ಳುಳ್ಳಿ, ಶುಂಠಿ, ಹಸಿಮೆಣಸುಗಳು ನಮ್ಮವು, ಗರಂ ಮಸಾಲೆಯ ಜಾಗದಲ್ಲಿ ಸೋಯಾ ಸಾಸು. ಅದರ ಮೊಮ್ಮಗನಾದ ಶೆಜ್ವಾನ್ ದೋಸೆಯನ್ನು ನಾನು ಮೆಚ್ಚಿ ತಿಂದವನಲ್ಲ. ಆದರೆ ಹುದುಗಿದ ಹಿಟ್ಟಿನ ಹುಳಿಗೂ ಬೆಳ್ಳುಳ್ಳಿಯ ಖಾರಕ್ಕೂ ಸ್ನೇಹವುಂಟೆಂದು ಕಂಡುಕೊಂಡವನನ್ನು ಹಳಿಯಲಾರೆ. ಹಳಿಯಬೇಕಾದುದು ಬಣ್ಣವನ್ನು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೆಂಪು ಬೇಕಾದವನಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಬ್ಯಾಡಗಿ ಮೆಣಸಿನಕಾಯಿ ಇಲ್ಲವೆ? ಠಾಣೆಯ ಮಾಮಲೇದಾರ ಕಚೇರಿಯ ಬಳಿ ಮಿಸಳಿಗೆ ಹೆಸರಾದ ಉಪಾಹಾರಗೃಹದ ಮನೆತನದ ಹೆಸರು ಮುರ್ಡೇಶ್ವರ. ಅದು ಯಾವ ಕರಾವಳಿಯ ಹೆಸರೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಮರಾಠಿ ತಿಂಡಿಯನ್ನು ಮರಾಠಿಗರ ಊರಿನಲ್ಲಿ ಮರಾಠಿಗರೇ ಸಾಲುನಿಂತು ತಿನ್ನುವಂತೆ ಮಾಡುವುದೆಂದರೆ ಸಾಮಾನ್ಯವೆ?

ಇನ್ನು ನಮ್ಮ ಕೊರತೆಯ ಮಾತು. ಒಂಬತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತು, ದೋಸೆಯ ಹೊರತು ಒಂದು ಪಲ್ಯವನ್ನೂ ಮಾಡಲು ಬಾರದವರು ನಮ್ಮಲ್ಲಿದ್ದಾರೆ. ತಪ್ಪು ಅವರದಲ್ಲ. ಮಸಾಲೆ ಹುರಿಯುವಾಗ ಬಾಗಿಲು ಹಾಕಿಕೊಳ್ಳುವ ಭಟ್ಟರನ್ನು ಕಂಡಿದ್ದೇನೆ. ಹುಡುಗ ಒಲೆಯ ಬಳಿ ಬಂದರೆ ಪಾತ್ರೆ ಯಾರು ತೊಳೆಯುವರೆಂದು ಗದರುವ ಒಡೆಯರನ್ನೂ ಕಂಡಿದ್ದೇನೆ. ಒಡೆಯನಾದ ಮೇಲೆ ನಾನೂ ಎರಡು ಸಲ ಹಾಗೆ ಗದರಿದ್ದುಂಟು. ಈಗ ಪುಡಿಗಳೆಲ್ಲ ಪೊಟ್ಟಣಗಳಲ್ಲಿ ಬರುತ್ತಿವೆ. ಪೊಟ್ಟಣ ಕತ್ತರಿಸಿ ಸುರಿಯುವವನಿಗೆ ಭಟ್ಟನ ಸಂಬಳವನ್ನು ಯಾರು ಕೊಡುತ್ತಾರೆ? 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮಹಾರಾಷ್ಟ್ರದ ಹೋಟೆಲುಗಳಲ್ಲಿ ಗಿರಾಕಿಗಳು ಮತ್ತೆ ಕುಳಿತು ಉಣ್ಣಲು ಅಕ್ಟೋಬರ್ 5ರವರೆಗೆ ಕಾಯಬೇಕಾಯಿತು. ಆ ಆರು ತಿಂಗಳಲ್ಲಿ, ನಾನು ಬಲ್ಲವರ ಪೈಕಿ, ಒಂದೇ ಕೆಲಸ ಗೊತ್ತಿದ್ದವರು ಊರಿಗೆ ಹೋದರು. ಕೈಗೆ ಸಿಕ್ಕಿದುದರಲ್ಲಿ ಅಡುಗೆ ಮಾಡಬಲ್ಲವರು ಡೊಂಬಿವಲಿಯ ಖೋಲಿಗಳಿಂದಲೇ ಡಬ್ಬ ಕಟ್ಟಿ ಬಾಡಿಗೆ ಸಲ್ಲಿಸಿದರು.

ಕಲಿಯಬೇಕೆನ್ನುವವನು ಮೊದಲು ಇಡೀ ಹಂಡೆಯ ಮೇಲೆ ಸಾಹಸ ಮಾಡದಿರಲಿ. ಸ್ವಂತದ ಹೋಟೆಲಿನಲ್ಲಿ ನಾನು ಒಮ್ಮೆ ಸಾರಿನ ಪುಡಿಯ ಮೇಲೆ ಮರಾಠಿಗರ ಗೋಡಾ ಮಸಾಲೆಯನ್ನೂ ಸುರಿದು ಹೊಸ ರುಚಿ ಕಂಡುಹಿಡಿದೆನೆಂದು ಬೀಗಿದೆ. ಕೊತ್ತಂಬರಿಯ ಮೇಲೆ ಕೊತ್ತಂಬರಿ. ಅದರ ಮೇಲೆ ಎಳ್ಳು, ಕೊಬ್ಬರಿ, ಕಲ್ಲು ಹೂವು. ಹನ್ನೆರಡು ಲೀಟರು ಸಾರು ಮೋರಿಗೆ ಹೋಯಿತು. ಒಂದು ಸೌಟನ್ನು ಬೇರೆ ಬಟ್ಟಲಿಗೆ ತೆಗೆದು ಅದರಲ್ಲಿ ಪರೀಕ್ಷಿಸಿದ್ದರೆ ನಷ್ಟ ಒಂದು ಬಟ್ಟಲಿನದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಕೆಡಿಸಿದವರು ಯಾರೆಂದು ತಿಳಿಯುವುದಿಲ್ಲ. ಸಪ್ಪೆಯೆನಿಸಿದರೆ ಎಲ್ಲರ ಕೈಯೂ ಉಪ್ಪಿಗೆ ಹೋಗುತ್ತದೆ. ಅನೇಕ ವೇಳೆ ಬೇಕಾಗಿರುವುದು ನಾಲ್ಕು ಹನಿ ನಿಂಬೆಹುಳಿ. ಕಹಿಯನ್ನು ತಗ್ಗಿಸುವುದರಲ್ಲಿ ಉಪ್ಪಿಗೆ ಬಹಳ ಶಕ್ತಿಯಿದೆ. ಹಾಗಲಕಾಯಿ ಹೆಚ್ಚಿದವರೆಲ್ಲರೂ ಇದನ್ನು ಬಲ್ಲರು. ಹುಳಿಯನ್ನು ಬೆಲ್ಲ ಮೆತ್ತಗಾಗಿಸುತ್ತದೆ.

ಖೋಲಿಯಲ್ಲಿ ಸ್ವಯಂಪಾಕ ಮಾಡುವ ಗುಮಾಸ್ತ ಮಿತ್ರರಿಗೆ ಹೋಟೆಲಿನವರಿಗಿಂತ ಹೆಚ್ಚಿನ ಸ್ವಾತಂತ್ರ್ಯವುಂಟು. ಕೆಟ್ಟರೆ ಉಣ್ಣುವವರು ಅವರೇ. ರಜೆಯ ಒಂದು ದಿನ ಡೊಂಬಿವಲಿಯ ಪೇಟೆಯನ್ನೋ ತುರ್ಭೆಯ ಮಸಾಲೆ ಮಾರುಕಟ್ಟೆಯನ್ನೋ ಕಣ್ಣು ತೆರೆದು ಸುತ್ತಲಿ. ಮಂಡ್ಯದ ಮಿತ್ರರೊಬ್ಬರು ಹತ್ತು ವರ್ಷ ಇಲ್ಲಿದ್ದು, ಅವರೆಕಾಳು ಸಿಗುವುದಿಲ್ಲವೆಂದು ಕೊರಗುತ್ತಿದ್ದರು. ಎದುರಿಗೇ ವಾಲ್ ಎಂಬ ಕಾಳಿನ ರಾಶಿಯಿದ್ದಿತು! ಅದೂ ಅವರೆಯ ಜಾತಿಯದೇ, ತುಸು ಕಹಿಯುಳ್ಳದ್ದು. ಇಲ್ಲಿನವರು ಅದನ್ನು ಮೊಳಕೆ ಬರಿಸಿ, ಸಿಪ್ಪೆ ತೆಗೆದು, ತೆಂಗು ಆಮ್ಸೂಲು ಹಾಕಿ 'ಬಿರಡೆ' ಮಾಡುತ್ತಾರೆ. ನಾವು ಹಸಿಯ ಕಾಳನ್ನು ನೆನೆಸಿ ಹಿತಕಿದ ಬೇಳೆಯ ಸಾರು ಮಾಡುತ್ತೇವೆ. ಸಿಪ್ಪೆ ಹಿತಕುವ ಬೆರಳಿನ ಕೆಲಸ ಎರಡು ಕಡೆಯೂ ಒಂದೇ. ಆಮ್ಸೂಲಾದರೂ ಏನು? ಉತ್ತರ ಕನ್ನಡದವರ ಮುರುಗಲು, ತುಳುನಾಡಿನವರ ಪುನರ್ಪುಳಿ. ಮಂಡ್ಯದ ಮಿತ್ರರು ಈಗ ಬಿರಡೆಗೆ ಸಬ್ಬಸಿಗೆ ಸೊಪ್ಪು ಹಾಕುತ್ತಾರೆ. ಅವರ ನೆರೆಮನೆಯ ಮರಾಠಿ ಗೃಹಿಣಿ ಮೊದಲು ಮೂಗು ಮುರಿದು, ಆಮೇಲೆ ಬಟ್ಟಲು ಕಳುಹಿಸಿದರಂತೆ.

ಕುಂದಾಪುರದ ಆ ಹುಡುಗ ಈಗ ನಡುಪ್ರಾಯದವನು. ತುರ್ಭೆಯ ಕಡೆ ಚಿಕ್ಕದೊಂದು ಊಟದ ಖಾನಾವಳಿ ನಡೆಸುತ್ತಿದ್ದಾನೆ. ಮಳೆ ಜೋರಾದ ದಿನ ಅಲ್ಲಿನ ಹಲಗೆಯ ಮೇಲೆ 'ಪೋಹಾ' ಎಂದಷ್ಟೇ ಬರೆದಿರುತ್ತದೆ. ಕಳೆದ ಮಳೆಗಾಲದಲ್ಲಿ ಹೋಗಿದ್ದಾಗ ನೆಲಗಡಲೆಯನ್ನು ಬಿಟ್ಟು ತೆಂಗಿನ ತುರಿ ಹಾಕಿದ್ದನು. ಹಳೆಯದೇ ಚೆನ್ನಾಗಿತ್ತು ಎಂದೆ. ಆ ದಿನ ತೆಂಗು ತುರಿಯಲಾಗದೆ ಕಡಲೆ ಹಾಕಿದ್ದು, ನಿಮಗೆ ಹಸಿವೆಯಿಂದ ಅದೇ ಅಮೃತವಾಯಿತು ಎಂದು ಅವನು ನಕ್ಕನು. ನಾನು ಇನ್ನೂ ಒಪ್ಪಿಲ್ಲ.