ಅಜ್ಜಿಯ ಓದು, ಅಜ್ಜಿಯ ಕಣ್ಣು

ನಲವತ್ತು ತುಂಬುತ್ತಲೇ ಮನುಷ್ಯನ ಕಣ್ಣು ಹತ್ತಿರದ ಅಕ್ಷರವನ್ನು ದೂರಕ್ಕೆ ತಳ್ಳತೊಡಗುತ್ತದೆ. ಆ ದೋಷಕ್ಕೂ ಅದಕ್ಕಾಗಿ ಹಾಕಿಕೊಳ್ಳುವ ಕನ್ನಡಕಕ್ಕೂ ನಮ್ಮ ಹಿರಿಯರು ಇಟ್ಟುಕೊಂಡ ಹೆಸರು ಒಂದೇ: ಚಾಳೀಸು. ಹಿಂದೂಸ್ಥಾನಿಯ ಒಂದು ಸಂಖ್ಯೆ ನಮ್ಮ ಹಳ್ಳಿಗಳಿಗೆ ಬಂದು, ಮೂಗಿನ ಮೇಲೆ ಕುಳಿತು, ವಸ್ತುವಿನ ಹೆಸರಾಯಿತು. ಭಾಷಾಶಾಸ್ತ್ರಜ್ಞರಿಗೆ ಇದು ಅರ್ಥಪಲ್ಲಟದ ಒಂದು ಉದಾಹರಣೆ. ನಲವತ್ತನ್ನು ದಾಟಿದ ನನ್ನಂಥ ಅಧ್ಯಾಪಕನಿಗೆ ಅಷ್ಟು ನಿರ್ಲಿಪ್ತವಾದ ವಿಷಯವಲ್ಲ. ಇರಲಿ, ನಾನೀಗ ಬರೆಯಹೊರಟಿರುವುದು ನನ್ನ ಚಾಳೀಸನ್ನು ಕುರಿತಲ್ಲ, ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿರುವ, ಎಂಬತ್ತೈದು ದಾಟಿದ ನಮ್ಮ ಅಜ್ಜಿಯ ಚಾಳೀಸನ್ನು ಕುರಿತು.

ಬಾಗೂರೆಂದರೆ ತಿಳಿದವರಿಗೆ ಚೆನ್ನಕೇಶವನ ಗುಡಿ ನೆನಪಾಗುತ್ತದೆ. ತೆಂಗಿನ ತೋಟ, ರಾಗಿಯ ಹೊಲ, ಬೇಸಗೆಯಲ್ಲಿ ಕೆಂಪು ಧೂಳು. ಅಲ್ಲಿ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡು. ಬೇರೆ ಮನೆಗಳಲ್ಲಿ ಅಂಥ ಗೂಡಿನಲ್ಲಿ ದೀಪವಿರುತ್ತದೆ, ಇಲ್ಲವೇ ಎಲೆಯಡಕೆಯ ತಟ್ಟೆ. ನಮ್ಮಲ್ಲಿ ಪುಸ್ತಕಗಳು. ರಟ್ಟು ಹರಿದದ್ದಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ, ಬೆನ್ನು ಬಿಟ್ಟದ್ದಕ್ಕೆ ಗೋಣಿದಾರದ ಹೊಲಿಗೆ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು, ಕಂಬಕ್ಕೊರಗಿ ಕಾಲು ಚಾಚಿ ಕುಳಿತರೆ ಸಂಜೆ ಹಸು ಕೂಗುವವರೆಗೂ ಅಜ್ಜಿ ಯಾರಿಗೂ ಸೇರಿದವಳಲ್ಲ. ಆ ಹೊತ್ತಿನಲ್ಲಿ ಮನೆಗೆ ಬಂದ ನೆಂಟರು ಕೂಡ ಸ್ವಲ್ಪ ಕಾಯಬೇಕಾಗುತ್ತಿತ್ತು. “ಬಂದೆ, ಈ ಪುಟ ಒಂದು ಮುಗೀಲಿ” ಎಂಬುದು ನಮ್ಮ ಮನೆಯಲ್ಲಿ ಸ್ವಾಗತದ ಮಾತೇ ಆಗಿತ್ತು.

ಆಕೆ ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಅಕ್ಷರಕ್ಕೂ ಮೊದಲೇ ಕಿವಿಗೆ ಬಿದ್ದದ್ದು ಜೈಮಿನಿ ಭಾರತ. ಶ್ರಾವಣದ ರಾತ್ರಿಗಳಲ್ಲಿ ಹಿರಿಯರೊಬ್ಬರು ಓದುತ್ತಿದ್ದರಂತೆ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರಂತೆ. ಮುಂದೆ ಚಿಕ್ಕಪೇಟೆಯ ಪುಸ್ತಕ ವ್ಯಾಪಾರಿಗಳು ಅಚ್ಚು ಹಾಕಿಸಿದ ದಪ್ಪಕ್ಷರದ ಪ್ರತಿಯೊಂದು ಜಾತ್ರೆಯಲ್ಲಿ ಸಿಕ್ಕಾಗ, ಲಕ್ಷ್ಮೀಶನನ್ನು ಆಕೆ ಓದಲಿಲ್ಲ. ಕೇಳಿದ್ದನ್ನು ಗುರುತು ಹಿಡಿದಳು. ವಾರ್ಧಕ ಷಟ್ಪದಿಯ ಗಣವಿಭಾಗವನ್ನು ಕಪ್ಪುಹಲಗೆಯ ಮೇಲೆ ಗೀಚಿ ತೋರಿಸುವಾಗ ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು: ಲಘು ಗುರುಗಳ ಹೆಸರೇ ಕೇಳದ ಈ ಮುದುಕಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಾಳೆ, ನಮ್ಮ ಎಂ.ಎ. ವಿದ್ಯಾರ್ಥಿಗಳು ಎಡವುತ್ತಾರೆ.

ಮದುವೆಯಾಗಿ ಬಂದ ಮೇಲೆ ಕಾದಂಬರಿಗಳ ಪರಿಚಯವಾಯಿತು. ಅದು ತ್ರಿವೇಣಿಯವರ ಕಾಲ. 1928ರಲ್ಲಿ ಹುಟ್ಟಿದ ಆ ಲೇಖಕಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅಜ್ಜಿಗೂ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ತೊಡೆಯ ಮೇಲೆ ಕೂಸು. ತಾನು ಕಂಡರಿಯದ ಒಬ್ಬ ಹೆಂಗಸಿಗಾಗಿ ಅಂದು ಊಟ ಬಿಟ್ಟದ್ದನ್ನು ಆಕೆ ಇಂದಿಗೂ ಹೇಳುತ್ತಾಳೆ. ಬಾಣಂತಿತನದಲ್ಲಿ ಮನಸ್ಸು ಕೆಡುವುದು ದೆವ್ವದ ಕಾಟವಲ್ಲ, ಕಾಯಿಲೆ ಎಂಬುದನ್ನು ಆಕೆಗೆ ತಿಳಿಸಿದ್ದು ‘ಶರಪಂಜರ’. ಮುಂದೆ ಓಣಿಯಲ್ಲೊಬ್ಬ ಬಾಣಂತಿ ಮಂಕಾಗಿ ಕುಳಿತಾಗ ಮಂತ್ರದವನನ್ನು ಕರೆಸಲು ಬಿಡದೆ ಆಸ್ಪತ್ರೆಗೆ ಕಳಿಸಿದವಳು ಅಜ್ಜಿ. ಕಾವೇರಿಯ ಗಂಡನನ್ನು ಮಾತ್ರ ಆಕೆ ಈವರೆಗೆ ಕ್ಷಮಿಸಿಲ್ಲ. ವಿಮರ್ಶಕರು ಆ ಪಾತ್ರದಲ್ಲಿ ಕಾಣುವ ಸಾಮಾಜಿಕ ಒತ್ತಡ ಇತ್ಯಾದಿಗಳನ್ನು ನಾನು ವಿವರಿಸಲು ಹೋದರೆ, “ಸುಮ್ನಿರಪ್ಪ, ನೀನೂ ಗಂಡಸೇ” ಎಂದು ಚರ್ಚೆಯನ್ನು ಮುಗಿಸುತ್ತಾಳೆ.

ಇದೇ ಲೇಖಕಿಯ ‘ಕಾಶೀಯಾತ್ರೆ’ ಇನ್ನೊಬ್ಬ ಅಜ್ಜಿಗೆ ಅಕ್ಷರ ಕಲಿಸಿದ ಪ್ರಸಂಗವನ್ನು ಸುಧಾ ಮೂರ್ತಿಯವರು ಬರೆದಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿ. ‘ಕರ್ಮವೀರ’ದಲ್ಲಿ ವಾರವಾರ ಬರುತ್ತಿದ್ದ ಕಾದಂಬರಿಯನ್ನು ಮೊಮ್ಮಗಳು ಓದಬೇಕು, ಅಜ್ಜಿ ಕೇಳಬೇಕು. ಮೊಮ್ಮಗಳು ಮದುವೆಗೆಂದು ಊರಿಗೆ ಹೋದ ವಾರ ಪತ್ರಿಕೆ ಬಂತು, ಅಕ್ಷರ ಬಾರದು. ಆ ಸಂಕಟ ತಾಳದೆ 62ನೆಯ ವಯಸ್ಸಿನಲ್ಲಿ ಮೊಮ್ಮಗಳಿಂದಲೇ ಓದು ಕಲಿತು, ಗುರುವೆಂದು ಆ ಹುಡುಗಿಯ ಪಾದ ಮುಟ್ಟಿದರಂತೆ. ಈ ಕಥೆಯನ್ನು ನಾನು ಹೇಳಿದಾಗ ನಮ್ಮಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಅವರಿಗೆ ಅರವತ್ತೆರಡಕ್ಕೆ ಬಂತು. ನನಗೆ ಎಂಬತ್ತಕ್ಕೆ ಹೋಗ್ತಾ ಇದೆಯಲ್ಲೋ” ಎಂದಳು. ಕಣ್ಣಿನ ಮಾತು ನಮ್ಮ ಮನೆಯಲ್ಲಿ ಮೊದಲು ಬಂದದ್ದು ಹಾಗೆ.

ಅಲ್ಲಿಯವರೆಗೆ ಆಕೆ ಕಾಯಿಲೆಗಳನ್ನು ಬಾಡಿಗೆಗೆ ಬಂದವರಂತೆ ಕಂಡಿದ್ದಳು: ಇರಲಿ, ಗಲಾಟೆ ಮಾಡದಿದ್ದರೆ ಸರಿ. ಮಂಡಿನೋವು ಹಳೆಯದು. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಮಿತಿ ಬಹಳವಾದರೆ ಕೀಲು ಬಿಗಿಯುತ್ತದೆ. ಅಜ್ಜಿಯ ಮಂಡಿಗೆ ನೀರು ಎಷ್ಟು ಕಾರಣ, ವಯಸ್ಸು ಎಷ್ಟು ಕಾರಣ ಎಂಬುದನ್ನು ವೈದ್ಯರು ಬಿಡಿಸಿ ಹೇಳಲಿಲ್ಲ. ಮಂಡಿಯಿಂದಾಗಿ ತಪ್ಪಿದ್ದೆಂದರೆ ಸಾಣೇಹಳ್ಳಿಯ ನಾಟಕ. ನಮ್ಮ ತಾಲ್ಲೂಕಿನ ಆ ಪುಟ್ಟ ಊರಿನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ‘ಶಿವಸಂಚಾರ’ದ ನಾಟಕಗಳನ್ನು ಆಕೆ ಹಲವು ಸಲ ನೋಡಿದ್ದಳು. ಅದು ನಿಂತಾಗ ಬೇಸರಪಟ್ಟಳೇ ಹೊರತು ಹೆದರಲಿಲ್ಲ. ರಕ್ತದೊತ್ತಡಕ್ಕೆ ಬೆಳಗ್ಗೆ ಒಂದು ಮಾತ್ರೆ, ಅದಕ್ಕೂ ಹೆದರಲಿಲ್ಲ. ಸಕ್ಕರೆ ಕಾಯಿಲೆಯನ್ನಂತೂ ಆಕೆ ಕಾಯಿಲೆಯೆಂದೇ ಎಣಿಸಿರಲಿಲ್ಲ. ಬೆಲ್ಲದ ಡಬ್ಬಿ ಆಕೆಯ ಕೈಗೆಟಕುವಲ್ಲೇ ಇತ್ತು.

ವಿಚಿತ್ರವೆಂದರೆ ಆರೋಗ್ಯದ ಪುಸ್ತಕಗಳನ್ನು ಆಕೆ ಚೆನ್ನಾಗಿಯೇ ಓದಿದ್ದಳು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ತಾಯಿ ಮಗು’ ಆ ಗೂಡಿನಲ್ಲಿದೆ. ನಮ್ಮ ಮನೆಯ ಮೂವರು ಸೊಸೆಯಂದಿರ ಹೆರಿಗೆಗೂ ಅದೇ ಪ್ರಮಾಣಗ್ರಂಥ. ಅವರ ‘ದಿನಕ್ಕೊಂದು ಕಥೆ’ಯ ಸಂಪುಟಗಳಿಂದ ನನಗೆ ಕಥೆ ಹೇಳಿದವಳೂ ಅಜ್ಜಿಯೇ. ಪರರಿಗೆ ಓದಿ ಹೇಳಿದ ಪಥ್ಯ ತನಗೂ ಅನ್ವಯಿಸುತ್ತದೆಂದು ನಂಬುವುದು ಪಂಡಿತರಿಗೇ ಕಷ್ಟ, ಅಜ್ಜಿಯನ್ನು ದೂರುವುದೇಕೆ?

ಅಕ್ಷರ ಮಸುಕಾಗತೊಡಗಿದಾಗ ಆಕೆ ಮೊದಲು ದೂರಿದ್ದು ಮುದ್ರಕರನ್ನು. ಈಗಿನವರು ಶಾಯಿ ಉಳಿಸುತ್ತಾರೆಂದಳು. ಬಳಿಕ ದೀಪವನ್ನು ದೂರಿದಳು. ಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಎರಡು ವರ್ಷ ಎರಡು ಬಾರಿ ಗಾಜು ಬದಲಿಸಿದರು. ಕಣ್ಣಿನ ಒಳಗೆ ನೋಡಿಸಿರೆಂದು ಅಲ್ಲಿ ಯಾರೂ ಹೇಳಲಿಲ್ಲ. ಕೊನೆಗೆ ವೈದ್ಯರ ಬಳಿ ಹೋದಾಗ ತಿಳಿದದ್ದು: ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದರೆ ಸಕ್ಕರೆ ಇಳಿಯದೆ ಶಸ್ತ್ರಕ್ರಿಯೆ ಮಾಡುವಂತಿಲ್ಲ. ಗಾಯ ಕೀವುಗಟ್ಟುವ ಭಯ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ ಹತ್ತನ್ನು ಮೀರಿತ್ತು.

“ಇಳಿಸಿಕೊಂಡು ಬಂದರೆ ಮತ್ತೆ ಓದಬೋದಾ ಸ್ವಾಮಿ?”

“ಓದಬಹುದು ಅಜ್ಜಿ.”

“ಸಣ್ಣಕ್ಷರ?”

ವೈದ್ಯರು ನಕ್ಕರು. ಅಜ್ಜಿ ನಗಲಿಲ್ಲ. ಅಂದು ಮನೆಗೆ ಬಂದವಳೇ ಬೆಲ್ಲದ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, “ನಾನು ಕೇಳಿದರೂ ಕೊಡಬೇಡ, ಬೈದರೂ ಕೊಡಬೇಡ” ಎಂದಳು. ನಾಲ್ಕು ತಿಂಗಳು ಅಳೆದ ಮುದ್ದೆ, ಸಪ್ಪೆ ಕಾಫಿ, ಅಂಗಳದಲ್ಲಿ ಮೊಮ್ಮಗಳ ತೋಳು ಹಿಡಿದು ನಡಿಗೆ. ಆಯುಸ್ಸಿನ ಆಸೆ ತೋರಿಸಿ ಎಂಥೆಂಥ ವೈದ್ಯರಿಂದಲೂ ಆಗದಿದ್ದ ಕೆಲಸವನ್ನು ಕಾದಂಬರಿಗಳು ಮಾಡಿದವು.

ಪೊರೆಯ ಶಸ್ತ್ರಕ್ರಿಯೆ ಇಂದು ಅರ್ಧ ಗಂಟೆಯೂ ಹಿಡಿಯದ ಕೆಲಸ. ಹಿಂದೆ ಹಾಗಿರಲಿಲ್ಲ. ಅಜ್ಜಿಯ ಅತ್ತೆಗೆ ಶಿಬಿರವೊಂದರಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ತೆಗೆದುಹಾಕಿದ ಮಸೂರದ ಕೆಲಸವನ್ನು ಹೊರಗಿನ ಗಾಜು ಮಾಡಬೇಕಿತ್ತು. ಅಂಥ ಶಿಬಿರಗಳೆಂದರೆ ಕನ್ನಡಿಗರಿಗೆ ನೆನಪಾಗುವ ಹೆಸರು ಡಾಕ್ಟರ್ ಎಂ. ಸಿ. ಮೋದಿಯವರದು. 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಅವರು ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿದ ಬಡವರ ಕಣ್ಣು ತೆರೆಸಿದರು. ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸುವ ಉಪಾಯವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲೆ 1949ರಲ್ಲೇ ಮಾಡಿ ತೋರಿಸಿದ್ದರು. ಯುದ್ಧದಲ್ಲಿ ವಿಮಾನದ ಗವಾಕ್ಷಿ ಒಡೆದು ಪೈಲಟ್ಟುಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ಕಿನ ಚೂರುಗಳು ಕಣ್ಣನ್ನು ಕೆರಳಿಸದೆ ಸುಮ್ಮನೆ ಕುಳಿತಿರುವುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತು. ಆ ಉಪಾಯ ಸಾಮಾನ್ಯರಿಗೆ ದೊರಕಲು ದಶಕಗಳೇ ಹಿಡಿದವು. ಈ ವೃತ್ತಾಂತವನ್ನು ಕೇಳಿದ ಅಜ್ಜಿಗೆ ಶಸ್ತ್ರಕ್ರಿಯೆಯ ಭಯ ಹೋಗಿ, ಆ ಪೈಲಟ್ಟುಗಳ ತಾಯಂದಿರ ಚಿಂತೆ ಹತ್ತಿಕೊಂಡಿತು.

ಬಲಗಣ್ಣು ಸರಿಹೋಯಿತು. ಪಟ್ಟಿ ಬಿಚ್ಚಿದಾಗ ಆಕೆ ಮೊದಲು ಓದಿದ್ದು ಗೋಡೆಯ ಮೇಲಿನ ‘ಮೌನವಾಗಿರಿ’ ಎಂಬ ಫಲಕವನ್ನು, ಅದೂ ಗಟ್ಟಿಯಾಗಿ. ಎಡಗಣ್ಣಿನದು ಬೇರೆ ಕಥೆ. ಅಲ್ಲಿ ಪೊರೆಯನ್ನು ತೆಗೆದ ಮೇಲೂ ಸಾಲುಗಳ ನಡುವೆ ಕಪ್ಪು ಮಚ್ಚೆ ಉಳಿಯಿತು. ಸಕ್ಕರೆ ಹಲವು ವರ್ಷ ಸದ್ದಿಲ್ಲದೆ ಅಕ್ಷಿಪಟದ ಸಣ್ಣ ರಕ್ತನಾಳಗಳನ್ನು ಕೆಡಿಸಿತ್ತು. ಈ ಕೇಡಿಗೆ ನೋವಿಲ್ಲ, ಕೆಂಪಿಲ್ಲ. ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಒಳಗಣ್ಣನ್ನು ನೋಡಿಸಿಕೊಂಡರೆ ಮಾತ್ರ ಕಾಲಕ್ಕೆ ತಿಳಿಯುತ್ತದೆ. ಹೋದ ದೃಷ್ಟಿ ಬಹುಮಟ್ಟಿಗೆ ಹೋದದ್ದೇ, ಉಳಿದುದನ್ನು ಕಾಯಲು ಚುಚ್ಚುಮದ್ದು ಉಂಟು ಎಂದರು. ಬಲಗಣ್ಣಿನಲ್ಲಿಯೂ ಅದರ ಮೊದಲ ಗುರುತುಗಳಿವೆಯೆಂದು ಹೇಳಿದಾಗ ಅಜ್ಜಿ ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಹೊಸದುರ್ಗ ದಾಟಿದ ಮೇಲೆ, “ಇರೋ ಪುಸ್ತಕದಲ್ಲಿ ಯಾವುದನ್ನು ಮೊದಲು ಓದಿ ಮುಗಿಸಲಿ?” ಎಂದಳು. ಹತ್ತಾರು ವರ್ಷ ಸಾಹಿತ್ಯಚರಿತ್ರೆಯನ್ನು ಬೋಧಿಸಿದ ನನಗೆ ಉತ್ತರ ಹೊಳೆಯಲಿಲ್ಲ.

ತಾನೇ ನಿರ್ಧರಿಸಿದಳು. ಈಗ ತ. ರಾ. ಸು. ಅವರ ‘ದುರ್ಗಾಸ್ತಮಾನ’ ನಡೆಯುತ್ತಿದೆ, ಮೂರನೆಯ ಬಾರಿಗೆ. 1982ರಲ್ಲಿ ಪ್ರಕಟವಾದ, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ದೊಡ್ಡ ಕಾದಂಬರಿಯನ್ನು ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲಿಟ್ಟು ಓದುತ್ತಾಳೆ. ಮದಕರಿ ನಾಯಕ ಸೋಲುವುದು ಗೊತ್ತಿದ್ದೂ ಏಕೆ ಮತ್ತೆ ಓದುವುದೆಂದು ಮೊಮ್ಮಗಳು ಕೇಳಿದರೆ, “ಈ ಸಲ ಏನಾದ್ರೂ ಗೆದ್ದಾನು ಅಂತ” ಎನ್ನುತ್ತಾಳೆ. ಸಂಜೆ ಕಣ್ಣು ದಣಿದ ಮೇಲೆ ಮೊಮ್ಮಗಳು ಓದುತ್ತಾಳೆ, ಅಜ್ಜಿ ಕೇಳುತ್ತಾಳೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದಾಗಲೆಲ್ಲ ಬೆರಳಿನಿಂದ ನೆಲ ತಟ್ಟುತ್ತಾಳೆ. ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ವೆಂದು ಹೆಸರು, ಅಲ್ಲಿಂದ ತಂದ ಮೂರು ಪುಸ್ತಕಗಳು ಗೂಡಿನಲ್ಲಿ ಸರದಿಗೆ ಕಾಯುತ್ತಿವೆ.

ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ಓದಕೂಡದೆಂಬುದು ವೈದ್ಯರ ಕಟ್ಟಪ್ಪಣೆ. ಅಧ್ಯಾಯ ಮುಗಿಯುವವರೆಗೆ ಎಂದು ಅಜ್ಜಿ ಅದನ್ನು ಅರ್ಥಮಾಡಿಕೊಂಡಿದ್ದಾಳೆ. ಬಲಗಣ್ಣಿನ ಮುಂದಿನ ತಪಾಸಣೆ ಯುಗಾದಿಯಾದ ಮೇಲೆ. ಹಬ್ಬದ ಹೋಳಿಗೆಯ ವಿಷಯದಲ್ಲಿ ಸೊಸೆಗೆ ಈಗಾಗಲೇ ಕಟ್ಟಾಜ್ಞೆ ಕೊಟ್ಟಾಗಿದೆ. ಬೇವಿನ ಜೊತೆಗಿಡುವ ಚೂರು ಬೆಲ್ಲದ ಕುರಿತು ಮಾತ್ರ ಇನ್ನೂ ಮಾತುಕತೆ ನಡೆಯುತ್ತಿದೆ.